‘ಸಹಜ’, ‘ಅಸಹಜ’ ಎಂಬ ಮಾತು

ಕಿರುಸಮುದಾಯದ ಪ್ರಾರ್ಥನೆ ಮುಗಿದ ಮೇಲೆ ತಾಯಿಯೊಬ್ಬರು ಮೆಲ್ಲನೆ ಕೇಳಿದರು: “ಫಾದರ್, ಗಂಡಸು ಗಂಡಸನ್ನೇ ಪ್ರೀತಿಸುವುದು ಅಸಹಜ ಅನ್ನುತ್ತಾರೆ. ಟಿವಿಯಲ್ಲಿ ಯಾರೋ ಪ್ರಾಣಿಗಳಲ್ಲೂ ಇದೆ, ಸಹಜವೇ ಅಂದರು. ಯಾವುದನ್ನು ನಂಬಲಿ?” ಯಾರ ವಿಷಯವೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಟಗರುಗಳಲ್ಲಿ ಕೆಲವು ಟಗರುಗಳನ್ನೇ ಬಯಸುತ್ತವೆ ಎಂದು ಪ್ರಾಣಿಶಾಸ್ತ್ರಜ್ಞರು ಕಂಡಿರುವುದು ನಿಜ. ಆದರೆ ಬೆಕ್ಕು ತನ್ನ ಮರಿಯನ್ನೇ ತಿನ್ನುವುದೂ ಉಂಟು. ಪ್ರಾಣಿಗಳು ಮಾಡುತ್ತವೆಂದ ಮಾತ್ರಕ್ಕೆ ನಮಗೆ ಅಪ್ಪಣೆ ಸಿಕ್ಕಂತಲ್ಲ. ಅವು ಮಾಡುವುದಿಲ್ಲವೆಂದ ಮಾತ್ರಕ್ಕೆ ನಿಷೇಧವೂ ಅಲ್ಲ. ಯಾವ ಪ್ರಾಣಿಯೂ ಕುಷ್ಠರೋಗಿಯ ಗಾಯ ತೊಳೆಯುವುದಿಲ್ಲ, ಬ್ರಹ್ಮಚರ್ಯದ ವ್ರತ ತೊಡುವುದಿಲ್ಲ. ಈ ಲೆಕ್ಕದಲ್ಲಿ ನಾವು ಗುರುಗಳೇ ಮೊದಲ ಅಸಹಜರು!

ಹುಟ್ಟಿನಿಂದ ಬಂದದ್ದು ಎಂಬ ವಾದವೂ ಹೀಗೆಯೇ. ಕೋಪವೂ ಹುಟ್ಟಿನಿಂದ ಬರುತ್ತದೆ, ಕರುಣೆಯೂ ಬರುತ್ತದೆ. ಆದರೆ ಒಂದು ಮಾತನ್ನು ಮರೆಯಬಾರದು. ತಾನಾಗಿ ಆರಿಸಿಕೊಳ್ಳದ ಒಲವು ಯಾರಿಗೂ ಪಾಪವಾಗುವುದಿಲ್ಲ.

ಸಂತ ಪೌಲರ ಪತ್ರಗಳನ್ನು ತೆರೆದು ನೋಡಿ. ರೋಮನರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದಲ್ಲಿ ಇಂಥ ಕೃತ್ಯಗಳನ್ನು ಸ್ವಭಾವಕ್ಕೆ ವಿರುದ್ಧವೆಂದು ಖಂಡಿಸುತ್ತಾರೆ. ಅದೇ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ, ದೇವರು ಕಾಡು ಓಲಿವ್ ಕೊಂಬೆಯನ್ನು ತೋಟದ ಮರಕ್ಕೆ ಕಸಿ ಮಾಡಿದ್ದಕ್ಕೂ ಅದೇ ಗ್ರೀಕ್ ಮಾತನ್ನು ಬಳಸುತ್ತಾರೆ. ಅಲ್ಲಿ ಅದು ದೇವರ ಕೃಪೆ! ಕೊರಿಂಥದವರಿಗೆ ಬರೆಯುವಾಗ, ಗಂಡಸಿಗೆ ಉದ್ದ ಕೂದಲು ಅವಮಾನವೆಂದು ಸ್ವಭಾವವೇ ಕಲಿಸುತ್ತದೆ ಎನ್ನುತ್ತಾರೆ. ನಮ್ಮ ಮನೆಗಳ ಯೇಸುಸ್ವಾಮಿಯ ಪಟದಲ್ಲಿ ಕೂದಲು ಭುಜಕ್ಕಿಳಿದಿದೆ. ಆ ಒಂದು ಪದದ ಮೇಲೆ ಇಡೀ ತೀರ್ಪನ್ನು ಹೊರಿಸಲಾಗದು.

ಹಾಗಾದರೆ ಧರ್ಮಸಭೆ ‘ನಿಸರ್ಗ ನಿಯಮ’ ಎನ್ನುವುದು ಯಾವುದನ್ನು? 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರ ಪ್ರಕಾರ ಅದು ಕಾಡಿನ ನಿಯಮವಲ್ಲ, ಒಳಿತನ್ನು ಅರಿಯಲು ದೇವರು ಮನುಷ್ಯನ ಬುದ್ಧಿಗೆ ಕೊಟ್ಟ ಬೆಳಕು. ಈ ದಾರಿಯಲ್ಲಿ ಯೋಚಿಸಿಯೇ ಧರ್ಮಸಭೆ, ದೇಹದ ಮಿಲನ ಸತಿಪತಿಯರ ವಿವಾಹಕ್ಕೂ ಹೊಸ ಜೀವಕ್ಕೂ ಸೇರಿದ್ದು ಎಂದು ಬೋಧಿಸುತ್ತದೆ. ಇದು ಕೃತ್ಯಗಳ ಬಗ್ಗೆ ಕಾರಣ ಕೊಟ್ಟು ಹೇಳುವ ಬೋಧನೆ. ಮನುಷ್ಯನಿಗೆ ಅಂಟಿಸುವ ಹೆಸರಲ್ಲ. ಇದೇ ಅಳತೆಗೋಲಿನಿಂದ 1968ರಲ್ಲಿ ಜಗದ್ಗುರು ಆರನೆಯ ಪೌಲರು ದಂಪತಿಗಳ ಕೃತಕ ಸಂತಾನನಿಯಂತ್ರಣವನ್ನೂ ತಪ್ಪೆಂದರು. ಅಂಥ ದಂಪತಿಗಳನ್ನು ‘ಅಸಹಜರು’ ಎಂದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ.

ನಮ್ಮ ದೇಶದಲ್ಲಿ ಈ ಮಾತು ಜೈಲಿಗೂ ಕಳುಹಿಸಬಲ್ಲದಾಗಿತ್ತು. 1860ರ ದಂಡಸಂಹಿತೆಯ 377ನೆಯ ಕಲಮು ನಿಸರ್ಗಕ್ರಮಕ್ಕೆ ವಿರುದ್ಧವಾದ ಸಂಭೋಗವನ್ನು ಅಪರಾಧವೆಂದಿತ್ತು. ಪರಸ್ಪರ ಒಪ್ಪಿದ ವಯಸ್ಕರಿಗೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು.

1992ರ ಧರ್ಮೋಪದೇಶ ಗ್ರಂಥದ 2357ನೆಯ ಪರಿಚ್ಛೇದವನ್ನು ಎತ್ತಿ ಆಡುವವರು 2358ಕ್ಕೆ ಮುಂಚೆಯೇ ಪುಸ್ತಕ ಮುಚ್ಚುತ್ತಾರೆ. ಇಂಥವರನ್ನು ಗೌರವದಿಂದಲೂ ಅನುಕಂಪದಿಂದಲೂ ಬರಮಾಡಿಕೊಳ್ಳಬೇಕು, ಅನ್ಯಾಯದ ಭೇದಭಾವದ ಸುಳಿವೂ ಇರಬಾರದು ಎಂದು ಅಲ್ಲಿದೆ. ಆ ತಾಯಿಗೆ ಅದನ್ನೇ ತೋರಿಸಿದೆ. ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಸಲ ಕ್ರಿಸ್ಮಸ್‌ಗೆ ಬರಬೇಡ ಅಂದುಬಿಟ್ಟಿದ್ದೇನೆ ಫಾದರ್” ಎಂದರು.

ಅವತ್ತೇ ಫೋನ್ ಮಾಡಿ ಎಂದೆ.