‘ಅರ್ಥ ಆಯ್ತಾ?’ ಅಂತ ಕೇಳಿದ್ರೆ ಸಾಕಾ?

ರಜೆ ಬಂತು ಅಂದ್ರೆ ನಮ್ಮ ಪ್ರಾಜೆಕ್ಟ್ ಟೀಮುಗಳು ಊರೂರಿಗೆ ಚದುರಿಹೋಗ್ತವೆ. ಒಬ್ಬ ಬೀದರಿನಲ್ಲಿ, ಒಬ್ಬಳು ಉಡುಪಿಯಲ್ಲಿ, ಇನ್ನಿಬ್ಬರು ಹಾಸ್ಟೆಲಿನಲ್ಲಿ. ಲ್ಯಾಬಲ್ಲಿ ಪಕ್ಕಪಕ್ಕ ಕೂತಿದ್ದಾಗ ಮುಖ ನೋಡಿದ್ರೇ ಡೌಟ್ ಇದೆ ಅಂತ ಗೊತ್ತಾಗುತ್ತೆ. ದೂರದಲ್ಲಿದ್ದಾಗ ಮುಖ ಕಾಣಲ್ಲ. ಹಾಗಾಗಿ ದೂರದ ಟೀಮನ್ನು ನಡೆಸುವ ಲೀಡರ್ ಜಾಸ್ತಿ ಮಾತಾಡಬೇಕಿಲ್ಲ. ಯಾರ ಡೌಟೂ ದಾರಿಯಲ್ಲಿ ಕಳೆದುಹೋಗದ ಹಾಗೆ ನೋಡಿಕೊಳ್ಳಬೇಕು. ಇದಕ್ಕೆ ಒಂದು ದುಬಾರಿ ಉದಾಹರಣೆ ಇದೆ.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1998ರ ಡಿಸೆಂಬರ್ 11ರಂದು ಹೊರಟಿತು. ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ತಂಡ ಇದ್ದದ್ದು ಕೊಲೊರಾಡೊದಲ್ಲಿ. ಅದರ ದಾರಿಯ ಲೆಕ್ಕ ಹಾಕುವ ಜೆಪಿಎಲ್ ತಂಡ ಕ್ಯಾಲಿಫೋರ್ನಿಯಾದಲ್ಲಿ. ಸಣ್ಣ ಥ್ರಸ್ಟರ್‌ಗಳು ಉರಿದಾಗ ಸಿಗುವ ಇಂಪಲ್ಸನ್ನು ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡಿನಲ್ಲಿ ಕೊಡ್ತಿತ್ತು. ಇನ್ನೊಂದು ಕಡೆ ಅದನ್ನೇ ನ್ಯೂಟನ್-ಸೆಕೆಂಡ್ ಅಂತ ತಗೊಂಡ್ರು. ವ್ಯತ್ಯಾಸ ಸುಮಾರು 4.45 ಪಟ್ಟು. 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದಿಂದ ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ ಸುಮಾರು 57 ಕಿ.ಮೀ.ಗೆ ಇಳಿದುಬಿಟ್ಟಿತು. ಆಮೇಲೆ ಅದರಿಂದ ಸಿಗ್ನಲ್ ಬರಲೇ ಇಲ್ಲ.

ಯೂನಿಟ್ ತಪ್ಪಾದ ಈ ಕಥೆಯನ್ನು ನಾವೆಲ್ಲ ಕ್ಲಾಸಲ್ಲಿ ಕೇಳಿರ್ತೀವಿ. ಕಡಿಮೆ ಕೇಳಿರೋ ಭಾಗ ಬೇರೆಯೇ ಇದೆ. ಯಾವ ಯೂನಿಟ್ ಬಳಸಬೇಕು ಅಂತ ದಾಖಲೆಯಲ್ಲಿ ಮೊದಲೇ ಬರೆದಿತ್ತು. ಲೆಕ್ಕ ತಾಳೆ ಆಗ್ತಿಲ್ಲ ಅಂತ ದಾರಿ ನೋಡುವ ತಂಡದ ಕೆಲವರಿಗೆ ತಿಂಗಳುಗಳ ಮುಂಚೆಯೇ ಅನುಮಾನ ಬಂದಿತ್ತು. ಆದರೆ ಆ ಅನುಮಾನ ಇಮೇಲು, ಮಾತುಕತೆಗಳಲ್ಲೇ ಓಡಾಡಿತು. ಸಮಸ್ಯೆಗಳನ್ನು ದಾಖಲಿಸುವ ಅಧಿಕೃತ ವ್ಯವಸ್ಥೆಯೊಳಗೆ ಹೋಗಲಿಲ್ಲ. ತಂಡಗಳ ನಡುವಿನ ಸಂವಹನ ಸರಿಯಿರಲಿಲ್ಲ ಅನ್ನೋದನ್ನೂ ತನಿಖಾ ಮಂಡಳಿ ಕಾರಣಗಳಲ್ಲಿ ಸೇರಿಸಿತು.

ನಮ್ಮ ನಾಲ್ಕು ಜನರ ಟೀಮಿಗೂ ಇದರಲ್ಲಿ ಪಾಠ ಇದೆ.

1. ಪೂರ್ತಿ ಬರೆಯೋಣ. “ಬೇಗ ಮುಗಿಸ್ರೋ” ಅನ್ನೋದು ಸೂಚನೆ ಅಲ್ಲ. “ಸೆನ್ಸರ್ ಕೋಡ್, ದೂರ ಸೆಂಟಿಮೀಟರಿನಲ್ಲಿ, ಶುಕ್ರವಾರ ಸಂಜೆ 6ರೊಳಗೆ” ಅನ್ನೋದು ಸೂಚನೆ. ಅದರ ಮುಂದೆ ಒಬ್ಬರ ಹೆಸರು ಇರಲೇಬೇಕು.

2. ವಾಪಸ್ ಹೇಳಿಸೋಣ. “ಅರ್ಥ ಆಯ್ತಾ?” ಅಂದ್ರೆ ಎಲ್ಲರೂ “ಹೂಂ” ಅಂತಾರೆ, ಇಲ್ಲಾಂದ್ರೆ ಒಂದು ಥಂಬ್ಸ್ ಅಪ್ ಒತ್ತುತ್ತಾರೆ. ಅದರ ಬದಲು “ನೀನು ಈಗ ಏನು ಮಾಡ್ತೀಯ, ಒಂದ್ಸಲ ಹೇಳು” ಅಂತ ಕೇಳಿದರೆ ತಪ್ಪು ತಿಳಿದಿದ್ದು ಅಲ್ಲೇ ಗೊತ್ತಾಗುತ್ತೆ.

3. ಡೌಟಿಗೆ ಒಂದು ಜಾಗ ಇರಲಿ. ವಾಟ್ಸಾಪ್ ಗ್ರೂಪಿನಲ್ಲಿ ಬಂದ ಪ್ರಶ್ನೆ ಇಪ್ಪತ್ತು ಮೆಸೇಜ್ ಆದಮೇಲೆ ಮೇಲೆ ಹೋಗಿಬಿಡುತ್ತೆ. ಎಲ್ಲರೂ ತೆರೆಯಬಹುದಾದ ಒಂದು ಶೀಟಿನಲ್ಲಿ ಪ್ರಶ್ನೆ, ಕೇಳಿದವರು, ಉತ್ತರಿಸಬೇಕಾದವರು, ದಿನಾಂಕ ಅಂತ ನಾಲ್ಕೇ ಕಾಲಂ ಸಾಕು. ಉತ್ತರ ಬರೋವರೆಗೂ ಆ ಸಾಲು ಅಳಿಸೋ ಹಾಗಿಲ್ಲ.

4. ಸುಮ್ಮನಿದ್ದವರನ್ನು ಮಾತಾಡಿಸೋಣ. ಕಾಲ್‌ನಲ್ಲಿ ಮೈಕ್ ಆಫ್ ಮಾಡಿಕೊಂಡವರು ಒಪ್ಪಿದ್ದಾರೆ ಅಂತಲ್ಲ. ನೆಟ್‌ವರ್ಕ್ ಹೋಗಿರಬಹುದು, ಸಂಕೋಚ ಇರಬಹುದು. ಅಂಥವರಿಗೆ ಬೇರೆಯಾಗಿ ಫೋನ್ ಮಾಡಿ ಕೇಳೋದು ಲೀಡರ್ ಕೆಲಸ.

ಇದೆಲ್ಲ ಇದ್ದರೂ ಮೊದಲ ಸಲ ಡೌಟ್ ಹೇಳಿದವರಿಗೆ “ಇಷ್ಟೂ ಗೊತ್ತಿಲ್ವಾ?” ಅಂದುಬಿಟ್ಟರೆ ಶೀಟ್ ಖಾಲಿಯೇ ಉಳಿಯುತ್ತೆ. ಖಾಲಿ ಶೀಟ್ ನೋಡಿ ಎಲ್ಲ ಸರಿಯಾಗಿದೆ ಅಂದುಕೊಳ್ಳೋ ಲೀಡರ್‌ಗಿಂತ, “ಯಾಕೆ ಯಾರೂ ಏನೂ ಕೇಳ್ತಿಲ್ಲ?” ಅಂತ ಚಿಂತೆ ಮಾಡೋ ಲೀಡರ್ ನಮಗೆ ಬೇಕು.