ಹಳೆಯ ಪಿಕ್‌ಅಪ್‌ನ ಕ್ಲಚ್ ಸಿಲಿಂಡರ್ ಬದಲಾವಣೆ: ಗ್ಯಾರೇಜಿನ ಕೆಲಸ ಮತ್ತು ಲೆಕ್ಕಪತ್ರದ ಕ್ರಮ

ಸರಕು ಸಾಗಣೆಗೆ ಸ್ವಂತ ಪಿಕ್‌ಅಪ್ ಇಟ್ಟುಕೊಂಡಿರುವ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ವಾಹನ ಹಳತಾದಂತೆ ಎರಡು ಬಗೆಯ ಹೊರೆ ಬೀಳುತ್ತದೆ. ಒಂದು ದುರಸ್ತಿಯ ಖರ್ಚು. ಇನ್ನೊಂದು, ವಾಹನ ನಿಂತ ದಿನ ಗಿರಾಕಿಗೆ ತಲುಪದೆ ಉಳಿಯುವ ಸರಕು. ಕ್ಲಚ್ ಸಿಲಿಂಡರ್ ಸವೆದಾಗ ಇವೆರಡೂ ಒಟ್ಟಿಗೆ ಎದುರಾಗುತ್ತವೆ. ಮಾಲೀಕರು ಈ ಕೆಲಸದ ಸ್ವರೂಪವನ್ನು ತಿಳಿದಿದ್ದರೆ ಅನಗತ್ಯ ಬಿಲ್ಲನ್ನು ತಡೆಯಬಹುದು. ಲೆಕ್ಕದ ಕ್ರಮವನ್ನು ತಿಳಿದಿದ್ದರೆ ನ್ಯಾಯವಾಗಿ ಸಲ್ಲಬೇಕಾದ ತೆರಿಗೆ ಜಮೆಯನ್ನು ಉಳಿಸಿಕೊಳ್ಳಬಹುದು.

ಕಾರ್ಯವಿಧಾನ ಮತ್ತು ಲಕ್ಷಣಗಳು

ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ಕೊಳವೆಯ ಮೂಲಕ ತಳ್ಳುತ್ತದೆ. ಆ ಒತ್ತಡವು ಗೇರ್‌ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರನ್ನು ತಲುಪಿ ಕ್ಲಚ್ಚನ್ನು ಬಿಡಿಸುತ್ತದೆ. ಒತ್ತಡವನ್ನು ಹಿಡಿದಿಡುವುದು ಪಿಸ್ಟನ್ನಿನ ರಬ್ಬರ್ ಸೀಲು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವವಾದುದರಿಂದ, ವರ್ಷಗಟ್ಟಲೆ ಬದಲಿಸದಿದ್ದರೆ ಸಿಲಿಂಡರಿನ ಒಳಮೈ ತುಕ್ಕು ಹಿಡಿದು, ಸೀಲು ಬೇಗನೆ ಸವೆಯುತ್ತದೆ.

ಪೆಡಲ್ ಮೃದುವಾಗಿ ಕೆಳಗಿಳಿಯುವುದು, ಒಂದನೆಯ ಹಾಗೂ ರಿವರ್ಸ್ ಗೇರ್ ಬೀಳುವಾಗ ಸದ್ದಾಗುವುದು, ಆಯಿಲ್ ಮಟ್ಟ ಇಳಿಯುತ್ತಿರುವುದು ಇದರ ಲಕ್ಷಣಗಳು. ಪೆಡಲಿನ ಹಿಂಬದಿ ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರನ್ನೂ, ಗೇರ್‌ಬಾಕ್ಸ್ ಕೆಳಗೆ ತೊಟ್ಟಿಕ್ಕುತ್ತಿದ್ದರೆ ಸ್ಲೇವ್ ಸಿಲಿಂಡರನ್ನೂ ಪರೀಕ್ಷಿಸಬೇಕು. ಎಂಜಿನ್ ವೇಗವೇರಿದರೂ ಗಾಡಿ ಎಳೆಯದಿದ್ದರೆ ದೋಷ ಸಾಮಾನ್ಯವಾಗಿ ಕ್ಲಚ್ ಪ್ಲೇಟಿನದು, ಸಿಲಿಂಡರಿನದಲ್ಲ.

ಕಿಟ್ ಸಾಕೇ, ಪೂರ್ಣ ಸಿಲಿಂಡರ್ ಬೇಕೇ?

ಒಳಮೈ ನುಣುಪಾಗಿದ್ದರೆ ಸೀಲ್ ಕಿಟ್ ಸಾಕು. ಗುಳಿ ಬಿದ್ದಿದ್ದರೆ ಹೊಸ ಸೀಲೂ ಬಹುಕಾಲ ಬಾಳದು. ಆಗ ಪೂರ್ಣ ಸಿಲಿಂಡರ್ ಹಾಕಿಸುವುದೇ ಮಿತವ್ಯಯ. ಎರಡೂ ಸಿಲಿಂಡರುಗಳು ಒಂದೇ ವಯಸ್ಸಿನವಾಗಿದ್ದರೆ ಒಟ್ಟಿಗೆ ಬದಲಿಸುವುದರಿಂದ ಒಂದು ಕೂಲಿಯೂ ಒಂದು ದಿನವೂ ಉಳಿಯುತ್ತವೆ. ಹಳೆಯ ಟೊಯೊಟಾ ಹೈಲಕ್ಸ್‌ನಂತಹ ವಾಹನಗಳಲ್ಲಿ ಸ್ಲೇವ್ ಸಿಲಿಂಡರ್ ಹೊರಗಿದ್ದು ಸುಲಭವಾಗಿ ಕೈಗೆ ಸಿಗುತ್ತದೆ. ಹಳೆಯ ಫೋರ್ಡ್ ರೇಂಜರ್‌ನಂತಹವುಗಳಲ್ಲಿ ಅದು ಕ್ಲಚ್ ಕವಚದ ಒಳಗಿರುವುದರಿಂದ ಗೇರ್‌ಬಾಕ್ಸನ್ನೇ ಇಳಿಸಬೇಕು. ಹಾಗೆ ಇಳಿಸಿದಾಗ ಕ್ಲಚ್ ಪ್ಲೇಟನ್ನೂ ಪರೀಕ್ಷಿಸಿಕೊಳ್ಳುವುದು ಜಾಣತನ.

ಕೆಲಸದ ಕ್ರಮ

1. ಹಳೆಯ ಆಯಿಲನ್ನು ಹೊರತೆಗೆಯಬೇಕು. ಅದು ಬಣ್ಣವನ್ನು ಕೆಡಿಸುವುದರಿಂದ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಬೇಕು.
2. ಕೊಳವೆ ಮತ್ತು ಪುಶ್ ರಾಡ್ ಬಿಡಿಸಿ, ಹಳೆಯ ಸಿಲಿಂಡರ್ ತೆಗೆದು ಹೊಸದನ್ನು ಕೂರಿಸಬೇಕು.
3. ವಾಹನದ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಬ್ರೇಕ್ ಆಯಿಲನ್ನೇ ತುಂಬಬೇಕು. ಎಂಜಿನ್ ಆಯಿಲ್ ಬೆರೆತರೆ ಸೀಲುಗಳು ಉಬ್ಬಿ ಹಾಳಾಗುತ್ತವೆ.
4. ಪೆಡಲ್ ತುಳಿದು ಹಿಡಿದು, ನಿಪ್ಪಲ್ ಸಡಿಲಿಸಿ, ಮತ್ತೆ ಬಿಗಿದ ನಂತರವೇ ಪೆಡಲ್ ಬಿಡಬೇಕು. ಗುಳ್ಳೆ ಬರುವುದು ನಿಲ್ಲುವವರೆಗೆ ಹೀಗೆ ಗಾಳಿ ತೆಗೆಯಬೇಕು. ಡಬ್ಬಿ ಬರಿದಾಗದಂತೆ ನೋಡಿಕೊಳ್ಳಬೇಕು.
5. ಪೆಡಲಿನ ಆಟವನ್ನು ಸರಿಪಡಿಸಿ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಸರಕು ಹೇರಬೇಕು.

ರಾಜಸ್ವ ವೆಚ್ಚವೋ, ಬಂಡವಾಳ ವೆಚ್ಚವೋ?

ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡಲು ಮಾಡಿದ ಖರ್ಚು ದುರಸ್ತಿ. ಹೊಸ ಆಸ್ತಿ ಅಥವಾ ಹೊಸ ಅನುಕೂಲ ಉಂಟಾದರೆ ಅದು ದುರಸ್ತಿಯಲ್ಲ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಅನ್ವಯಿಸಿದ ಪರೀಕ್ಷೆ ಇದೇ. ಗಿರಣಿಯಲ್ಲಿ ಇಡೀ ಯಂತ್ರವನ್ನೇ ಬದಲಿಸಿದ್ದನ್ನು ಚಾಲ್ತಿ ದುರಸ್ತಿಯೆಂದು ನ್ಯಾಯಾಲಯ ಒಪ್ಪಲಿಲ್ಲ. ಸಿಲಿಂಡರಾದರೋ ವಾಹನದ ಒಂದು ಬಿಡಿಭಾಗ ಮಾತ್ರ. ಆದುದರಿಂದ ಬಳಕೆಯಲ್ಲಿರುವ ವಾಹನಕ್ಕೆ ಅದನ್ನು ಹಾಕಿಸಿದ ಖರ್ಚನ್ನು ಲಾಭ-ನಷ್ಟ ಖಾತೆಗೆ ಒಯ್ಯಬೇಕು. ಹಳೆಯ ಪಿಕ್‌ಅಪ್ ಕೊಂಡು, ಬಳಕೆಗೆ ಇಳಿಸುವ ಮುನ್ನ ಓಡುವ ಸ್ಥಿತಿಗೆ ತರಲು ಇದೇ ಕೆಲಸ ಮಾಡಿಸಿದ್ದರೆ ಮಾತ್ರ ಖರ್ಚನ್ನು ವಾಹನದ ಬೆಲೆಗೆ ಸೇರಿಸಬೇಕು.

ಜಿಎಸ್‌ಟಿ ಜಮೆ

ಸರಕು ಸಾಗಣೆ ವಾಹನದ ದುರಸ್ತಿಗೆ, ಅದನ್ನು ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸುತ್ತಿದ್ದರೆ, ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ವಾಹನ ಬಿಡಿಭಾಗಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ. 18 ಆಗಿದೆ. ಉದಾಹರಣೆಗೆ, ನೋಂದಾಯಿತ ಗ್ಯಾರೇಜು ಬಿಡಿಭಾಗಕ್ಕೆ 3,000, ಕೂಲಿಗೆ 1,500 ರೂಪಾಯಿ ಹಾಕಿದರೆ ತೆರಿಗೆ 810, ಒಟ್ಟು 5,310 ರೂಪಾಯಿ. ವ್ಯವಹಾರ ರಾಜ್ಯದೊಳಗಿನದಾದರೆ ನಮೂದು ಹೀಗಿರಬೇಕು:

ವಾಹನ ದುರಸ್ತಿ ಖಾತೆ, ಖರ್ಚು: ರೂ. 4,500
ಕೇಂದ್ರ ಜಿಎಸ್‌ಟಿ ಜಮೆ ಖಾತೆ, ಖರ್ಚು: ರೂ. 405
ರಾಜ್ಯ ಜಿಎಸ್‌ಟಿ ಜಮೆ ಖಾತೆ, ಖರ್ಚು: ರೂ. 405
ಗ್ಯಾರೇಜಿನ ಖಾತೆ, ಜಮಾ: ರೂ. 5,310

ಬಿಲ್ಲಿನಲ್ಲಿ ಮಾಲೀಕರ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ 810 ರೂಪಾಯಿ ಕೈತಪ್ಪುತ್ತದೆ. ಒಂದು ದಿನ ಒಬ್ಬರಿಗೇ 10,000 ರೂಪಾಯಿ ಮೀರಿ ನಗದು ಕೊಟ್ಟರೆ, ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಸಾಮಾನ್ಯವಾಗಿ ಬಾರದು. ಸವಕಳಿಯಿಂದಾದ ದೋಷಕ್ಕೆ ವಾಹನ ವಿಮೆಯ ಪರಿಹಾರವೂ ಇಲ್ಲ.

ಬಿಲ್ಲಿನ ಮೇಲೆ ವಾಹನದ ಸಂಖ್ಯೆ, ಓಡಿದ ಕಿಲೋಮೀಟರ್ ಮತ್ತು ಬದಲಿಸಿದ ಭಾಗದ ಹೆಸರನ್ನು ಬರೆಸಿ, ವಾಹನಕ್ಕೊಂದು ಕಡತದಲ್ಲಿ ಇಡುವುದು ಒಳ್ಳೆಯ ರೂಢಿ. ವರ್ಷದ ಕೊನೆಗೆ ಆ ಕಡತವನ್ನು ಕೂಡಿ ನೋಡಿದರೆ, ಹಳೆಯ ಪಿಕ್‌ಅಪ್ ಇನ್ನೂ ಲಾಭದಾಯಕವೇ, ಮಾರುವುದು ಲೇಸೇ ಎಂಬ ಪ್ರಶ್ನೆಗೆ ಅಂಕಿಗಳೇ ಉತ್ತರ ಹೇಳುತ್ತವೆ.