ಬಿಳಿಯ ಇಲಿಗಳೂ ಮನೆಯ ಮಕ್ಕಳೂ

ಪ್ರಶ್ನೆ: ಹತ್ತು ವರ್ಷದ ನನ್ನ ಮಗನು ಸ್ನೇಹಿತನ ಮನೆಯಲ್ಲಿ ಬಿಳಿ ಇಲಿಗಳನ್ನು ನೋಡಿ ಬಂದಂದಿನಿಂದ ತನಗೂ ಎರಡು ಬೇಕೆಂದು ಹಟ ಹಿಡಿದಿದ್ದಾನೆ. ಇಲಿಯೆಂದರೆ ರೋಗದ ಮೂಟೆ, ಒಳಗೆ ಸೇರಿಸಕೂಡದು ಎಂದು ನಮ್ಮತ್ತೆಯವರು ಹೇಳುತ್ತಾರೆ. ಅಡಿಗೆಮನೆಯ ಇಲಿಯನ್ನು ಬೋನಿಟ್ಟು ಹಿಡಿಯುವ ನಾವೇ ದುಡ್ಡು ಕೊಟ್ಟು ಇನ್ನೊಂದನ್ನು ತರುವುದು ಸರಿಯೇ, ಡಾಕ್ಟರೇ?
— ಒಬ್ಬ ತಾಯಿ, ಮೈಸೂರು

ಉತ್ತರ: ನಿಮ್ಮ ಅತ್ತೆಯವರ ಭೀತಿಯನ್ನು ಅಜ್ಞಾನವೆಂದು ನಾನು ತಳ್ಳಿಹಾಕಲಾರೆ. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಮಾರಿಯು ಹಳೆಯ ಮೈಸೂರು ಸೀಮೆಯಲ್ಲಿ ಎಷ್ಟು ಮನೆಗಳ ದೀಪವನ್ನು ಆರಿಸಿತೆಂಬುದನ್ನೂ, ಮನೆಯೊಳಗೆ ಇಲಿ ಬಿದ್ದಿತೆಂದರೆ ಜನರು ಪಾತ್ರೆಪಡಗಗಳನ್ನು ಹೊತ್ತು ಊರ ಹೊರಗಿನ ಗುಡಿಸಲುಗಳಿಗೆ ಹೋಗುತ್ತಿದ್ದುದನ್ನೂ ಹಿರಿಯರ ಬಾಯಿಂದ ಕೇಳಿ ಬೆಳೆದವರಿಗೆ ಆ ಪ್ರಾಣಿಯ ಹೆಸರೇ ಮೈ ನಡುಗಿಸುವಂಥದು. ಇಂದಿಗೂ ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಗದ್ದೆಯ ಕೆಸರಿಗೆ ಇಳಿದವರನ್ನು ಹಿಡಿಯುವ ಇಲಿಜ್ವರವು, ಇಲಿ ಹೆಗ್ಗಣಗಳ ಮೂತ್ರದಿಂದ ನೀರಿಗೆ ಸೇರಿದ ರೋಗಾಣುವು ಕಾಲಿನ ಬಿರುಕುಗಳ ಮೂಲಕ ಒಳಹೊಕ್ಕುದರ ಫಲವೇ ಆಗಿದೆ.

ಆದರೆ ನಿಮ್ಮ ಮಗನು ಬಯಸುತ್ತಿರುವ ಬಿಳಿಯ ಪುಟ್ಟ ಇಲಿಯು, ಜಾತಿಯಲ್ಲಿ ನಮ್ಮ ಅಟ್ಟದ ಸುಂಡಿಲಿಯ ದಾಯಾದಿಯೇ ಆದರೂ, ಮನುಷ್ಯನ ಆಶ್ರಯದಲ್ಲಿ ತಲೆಮಾರುಗಳಿಂದ ಬೆಳೆದು ಬಂದ ಸಾಧುಜೀವಿ. ಬಣ್ಣಬಣ್ಣದ ಇಲಿಗಳನ್ನು ಬೆಳೆಸುವ ಕ್ರಮವನ್ನು ತಿಳಿಸುವ ಪುಸ್ತಕವೊಂದು ಜಪಾನಿನಲ್ಲಿ 1787ರಲ್ಲಿಯೇ ಅಚ್ಚಾಗಿತ್ತು; ಇಂಗ್ಲೆಂಡಿನಲ್ಲಿ ಇಲಿ ಸಾಕುವವರ ಸಂಘವೊಂದು 1895ರಲ್ಲಿ ಸ್ಥಾಪಿತವಾಯಿತು; ಅಮೆರಿಕದ ಮ್ಯಾಸಚೂಸೆಟ್ಸಿನ ಗ್ರ್ಯಾನ್ಬಿ ಎಂಬ ಸಣ್ಣ ಊರಿನಲ್ಲಿ ಆಬಿ ಲ್ಯಾಥ್ರಾಪ್ ಎಂಬ ಮಹಿಳೆಯು ಮುದ್ದಿನ ಪ್ರಾಣಿಗಳೆಂದು ಸಾಕಿ ಮಾರುತ್ತಿದ್ದ ಇಲಿಗಳ ವಂಶಜರೇ ಇಂದು ಜಗತ್ತಿನ ಅನೇಕ ಪ್ರಯೋಗಶಾಲೆಗಳಲ್ಲಿ ವೈದ್ಯಶಾಸ್ತ್ರಕ್ಕೆ ಸೇವೆ ಸಲ್ಲಿಸುತ್ತಿವೆ. ಮಕ್ಕಳ ಕೈಯಲ್ಲಿ ಆಡುವಷ್ಟು ಸೌಮ್ಯವಾಗಿದ್ದುದರಿಂದಲೇ ಅವು ವೈದ್ಯರ ಕೈಗೂ ಬಂದವು.

ಆದುದರಿಂದ ತರಬಹುದು ಎಂದೇ ನನ್ನ ಅಭಿಪ್ರಾಯ. ಆದರೆ ಬೋನಿಗೆ ಬಿದ್ದ ಇಲಿಯನ್ನು ಎಂದಿಗೂ ಸಾಕತಕ್ಕದ್ದಲ್ಲ. ಪಂಜರದಲ್ಲಿ ಹುಟ್ಟಿ ಬೆಳೆದುದನ್ನೇ ತರಬೇಕು. ಮನೆಯಲ್ಲಿ ಹೊರಗಿನ ಇಲಿಗಳ ಕಾಟವಿದ್ದರೆ ಮೊದಲು ಅದನ್ನು ನಿವಾರಿಸಿ, ಕಾಳುಗಳನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡಬೇಕು. ಏಕೆಂದರೆ ಸಾಕಿದ ಇಲಿಗೆ ರೋಗವು ತಗಲುವುದು ಬಹುಮಟ್ಟಿಗೆ ಈ ಕಾಡುನೆಂಟರಿಂದಲೇ. ಐದು ವರ್ಷ ತುಂಬದ ಕೂಸು ಮನೆಯಲ್ಲಿದ್ದರೆ ಅದರ ಕೈಗೆ ಇಲಿಯನ್ನು ಕೊಡಕೂಡದು. ದೊಡ್ಡ ಮಕ್ಕಳು ಇಲಿಯನ್ನು ಮುಟ್ಟಿದೊಡನೆ ಸಾಬೂನಿನಿಂದ ಕೈ ತೊಳೆಯಬೇಕು. ಊಟದ ಮೇಜಿನ ಬಳಿಗೂ ಅಡಿಗೆಮನೆಗೂ ಪಂಜರವು ಬರಲೇಕೂಡದು. ಇಷ್ಟನ್ನು ನಡೆಸಿಕೊಡುವೆನೆಂದು ನಿಮ್ಮ ಮಗನು ಅಜ್ಜಿಗೆ ಮಾತು ಕೊಡಲಿ. ಅವರೂ ಒಪ್ಪಿಯಾರು.

ಪ್ರಶ್ನೆ: ಎರಡು ತಿಂಗಳ ಹಿಂದೆ ಒಂದು ಜೊತೆ ಬಿಳಿ ಇಲಿಗಳನ್ನು ತಂದೆ. ದಿನವೂ ಪಂಜರವನ್ನು ಫಿನೈಲು ಹಾಕಿ ತೊಳೆದರೂ ವಾಸನೆ ಹೋಗುವುದಿಲ್ಲ. ಒಂದು ಇಲಿ ಉಸಿರಾಡುವಾಗ ಕಟಕಟ ಶಬ್ದ ಬರುತ್ತಿದೆ. ಇನ್ನೊಂದರ ಹೊಟ್ಟೆ ಉಬ್ಬಿದೆ, ಜಲೋದರವಿರಬಹುದೇ? ನಮ್ಮಲ್ಲಿ ಬಿಸಿಲು ಈಗಾಗಲೇ ವಿಪರೀತ.
— ಪದವಿ ವಿದ್ಯಾರ್ಥಿ, ರಾಯಚೂರು

ಉತ್ತರ: ಹೊಟ್ಟೆಯ ವಿಷಯವನ್ನು ಮೊದಲು ಮುಗಿಸುತ್ತೇನೆ. ಅದು ಜಲೋದರವಾಗಿರಲಾರದು; ಅಂಗಡಿಯವರು ನಿಮಗೆ ಒಂದು ಗಂಡನ್ನೂ ಒಂದು ಹೆಣ್ಣನ್ನೂ ಕೊಟ್ಟಿರಬೇಕು. ಇಲಿಯ ಗರ್ಭಾವಧಿಯು 19ರಿಂದ 21 ದಿನಗಳು ಮಾತ್ರ. ಒಂದು ಸೂಲಿಗೆ ಆರೆಂಟು ಮರಿಗಳು, ಕೆಲವೊಮ್ಮೆ ಹನ್ನೆರಡು. ಹೆತ್ತ ದಿನವೇ ತಾಯಿಯು ಮತ್ತೆ ಗರ್ಭ ಧರಿಸಬಲ್ಲದು. ಹುಟ್ಟಿದ ಮರಿಗಳು ಐದಾರು ವಾರಗಳಲ್ಲಿ ತಾವೇ ಸಂತಾನಯೋಗ್ಯವಾಗುತ್ತವೆ. ಇಂದೇ ಗಂಡನ್ನು ಬೇರೆ ಪಂಜರಕ್ಕೆ ಬಿಡಿ. ಮೊದಲ ಸಲ ಸಾಕುವವರು ಒಂದೇ ಸೂಲಿನ ಎರಡೋ ಮೂರೋ ಹೆಣ್ಣುಗಳನ್ನು ತರುವುದು ಮೇಲು: ಅವು ಒಂದಕ್ಕೊಂದು ಅಂಟಿ ಮಲಗಿ ಸುಖವಾಗಿರುತ್ತವೆ, ಆದರೆ ಗಂಡುಗಳು ರಕ್ತ ಬರುವಂತೆ ಕಾದಾಡುತ್ತವೆ, ಅಲ್ಲದೆ ಗಂಡಿನ ಮೂತ್ರದ ವಾಸನೆಯು ಹೆಣ್ಣಿನದಕ್ಕಿಂತ ಬಹಳ ತೀಕ್ಷ್ಣ.

ಇನ್ನು ವಾಸನೆ ಮತ್ತು ಉಸಿರಿನ ಮಾತು. ಇವೆರಡೂ ಒಂದೇ ವ್ಯಾಧಿಯ ಎರಡು ಮುಖಗಳೆಂಬುದನ್ನು ನೀವು ಗಮನಿಸಬೇಕು. ಒದ್ದೆಯಾದ ಹಾಸಿನಲ್ಲಿ ಮೂತ್ರವು ಕೊಳೆತು ಹುಟ್ಟುವ ಅಮೋನಿಯಾ ಅನಿಲವು ನೆಲಮಟ್ಟದಲ್ಲಿಯೇ ದಟ್ಟವಾಗಿದ್ದು, ಎರಡು ಅಂಗುಲ ಎತ್ತರದಲ್ಲಿ ಮೂಗಿಟ್ಟುಕೊಂಡು ಬದುಕುವ ಆ ಜೀವದ ಶ್ವಾಸನಾಳದ ಒಳಪೊರೆಯನ್ನು ಸುಡುತ್ತದೆ. ಸುಟ್ಟ ಪೊರೆಯಲ್ಲಿ ಮೈಕೋಪ್ಲಾಸ್ಮಾ ಎಂಬ ರೋಗಾಣುವು ಮನೆಮಾಡುತ್ತದೆ. ಆಗ ನೀವು ಹೇಳುವ ಆ ಕಟಕಟ ಶಬ್ದವು ಕೇಳಿಬರುತ್ತದೆ. ಇದಕ್ಕೆ ಪಶುವೈದ್ಯರು ಔಷಧವನ್ನು ಕೊಡಬಲ್ಲರು, ತಡಮಾಡದೆ ತೋರಿಸಿ. ಆದರೆ ಗಾಳಿಯೂ ಹಾಸೂ ಶುದ್ಧವಾಗದೆ ಯಾವ ಔಷಧವೂ ನಿಲ್ಲದು. ಫಿನೈಲಿನ ಆವಿಯು ಉರಿಯನ್ನು ಇನ್ನಷ್ಟು ಹೆಚ್ಚಿಸುವುದಲ್ಲದೆ ಬೇರೇನನ್ನೂ ಮಾಡದು. ನುಸಿಗುಳಿಗೆಯೂ ಊದುಬತ್ತಿಯೂ ಅಷ್ಟೇ ಅಪಾಯಕರ. ಮೇಲಾಗಿ, ಇಲಿಗೆ ತನ್ನ ವಾಸನೆಯೇ ತನ್ನ ಮನೆಯ ಗುರುತಾಗಿರುವುದರಿಂದ, ನೀವು ದಿನವೂ ಎಲ್ಲವನ್ನೂ ತೊಳೆದುಬಿಟ್ಟರೆ ಅದು ಪರದೇಶಕ್ಕೆ ಬಿದ್ದಂತೆ ಗಾಬರಿಗೊಂಡು, ಮೂಲೆಮೂಲೆಗೆ ಹೋಗಿ ಮತ್ತೆ ಗುರುತು ಹಾಕುತ್ತದೆ. ನೀವು ತೊಳೆದಷ್ಟೂ ವಾಸನೆಯು ಹೆಚ್ಚುತ್ತಿರುವುದಕ್ಕೆ ಕಾರಣ ಇದೇ. ಒದ್ದೆಯಾದ ಮೂಲೆಯ ಹಾಸನ್ನು ದಿನವೂ ತೆಗೆದು, ವಾರಕ್ಕೊಮ್ಮೆ ಹಾಸಿನ ಬಹುಭಾಗವನ್ನು ಬದಲಿಸಿ, ತಳವನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿ, ಗೂಡಿನ ಒಣಭಾಗದಿಂದ ಒಂದು ಹಿಡಿಯನ್ನು ಹಾಗೆಯೇ ಹಿಂದಕ್ಕೆ ಇಡಿ.

ಪಂಜರವು ಎರಡು ಮೂರು ಇಲಿಗಳಿಗೆ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರಕ್ಕೆ ಕಡಿಮೆಯಿರಬಾರದು. ಸರಳುಗಳ ನಡುವೆ ಸೀಸದಕಡ್ಡಿಯು ತೂರುವುದಾದರೆ ಇಲಿಮರಿಯೂ ತೂರುತ್ತದೆಂದೇ ತಿಳಿಯಿರಿ. ಮೀನು ಸಾಕುವ ಗಾಜಿನ ತೊಟ್ಟಿಯೂ ಆದೀತು. ಮೇಲೆ ತಂತಿಯ ಬಲೆಯ ಮುಚ್ಚಳವಿದ್ದು ಗಾಳಿಯಾಡಬೇಕು. ಹಾಸಿಗೆ ಬರಹವಿಲ್ಲದ ಕಾಗದವನ್ನು ಸಣ್ಣಗೆ ಹರಿದು, ಒಣಹುಲ್ಲಿನೊಡನೆ ಬೆರಸಿ, ಮೂರು ಅಂಗುಲದಷ್ಟು ದಪ್ಪ ಹರಡಿ. ಮರದ ಮಿಲ್ಲಿನಿಂದ ತರುವ ಹೊಟ್ಟಿನಲ್ಲಿ ದೂಳು ಹೆಚ್ಚು. ದೇವದಾರಿನಂಥ ಗಂಧವುಳ್ಳ ಮರದ್ದಾದರಂತೂ ಅದರ ತೈಲವು ಉಸಿರಿಗೂ ಯಕೃತ್ತಿಗೂ ಕೆಡುಕು. ಹತ್ತಿಯನ್ನೂ ದಾರವನ್ನೂ ಹಾಕಬೇಡಿ, ಕಾಲಿಗೆ ಸುತ್ತಿಕೊಳ್ಳುತ್ತದೆ. ಬಾಗಿಲಿನಂತೆ ಒಂದು ಕಡೆ ಒಡೆದ ತೆಂಗಿನ ಕರಟವನ್ನು ಬೋರಲು ಹಾಕಿದರೆ ಅದಕ್ಕಿಂತ ಒಳ್ಳೆಯ ಅಡಗುದಾಣವನ್ನು ಯಾವ ಅಂಗಡಿಯೂ ಮಾರಲಾರದು. ಓಡುವ ಚಕ್ರವಿಡುವುದಾದರೆ ಸರಳಿನದು ಬೇಡ, ಇಡೀ ತಳವಿರುವುದು ಬೇಕು. ಸರಳಿನ ಸಂದಿನಲ್ಲಿ ಬಾಲವೂ ಕಾಲೂ ಸಿಕ್ಕಿ ಮುರಿಯುತ್ತವೆ.

ನಿಮ್ಮ ಊರಿನ ಬೇಸಿಗೆಯು ನನ್ನನ್ನು ಚಿಂತೆಗೀಡುಮಾಡುತ್ತದೆ. ಇಲಿಯು ನಮ್ಮಂತೆ ಬೆವರಿ ತಣ್ಣಗಾಗಲಾರದು; ರೋಮವಿಲ್ಲದ ಬಾಲವೇ ಅದರ ಮೈಯ ಶಾಖವನ್ನು ಹೊರಚೆಲ್ಲುವ ಮುಖ್ಯ ಸಾಧನ. 30 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದು ಸಂಕಟಪಡತೊಡಗುತ್ತದೆ, 40ರ ಕೋಣೆಯಲ್ಲಿ ಮಧ್ಯಾಹ್ನ ಕಳೆಯುವುದರೊಳಗೆ ಸಾಯಬಹುದು. ತಾರಸಿಯ ಕೆಳಗಿನ ಕೋಣೆಯನ್ನು ಬಿಟ್ಟು, ಮನೆಯ ಅತ್ಯಂತ ತಂಪಾದ ನೆಲದ ಬಳಿ, ಬಿಸಿಲೂ ಹೊಗೆಯೂ ತಾಗದಲ್ಲಿ ಪಂಜರವನ್ನು ಇಡಿ. ಶಹಾಬಾದಿ ಕಲ್ಲಿನ ಅಂಗೈಯಗಲದ ತುಂಡೊಂದನ್ನು ತಣ್ಣೀರಿನಲ್ಲಿ ನೆನೆಸಿ, ಒರಸಿ, ಒಳಗಿಟ್ಟರೆ ಅವು ತಾವೇ ಬಂದು ಅದರ ಮೇಲೆ ಹೊಟ್ಟೆಯೂರಿ ಮಲಗುತ್ತವೆ. ಕುಡಿಯುವ ನೀರಿನ ಸೀಸೆಯನ್ನು ದಿನಕ್ಕೆರಡು ಸಲ ನೋಡಿ. ಅದರ ನಳಿಕೆಯ ಗುಂಡು ಕಟ್ಟಿಕೊಂಡು ನೀರು ಬಾರದಿರುವುದುಂಟು.

ಆಹಾರದ ವಿಷಯ ಕಷ್ಟವಲ್ಲ. ಗೋಧಿ, ನವಣೆ, ಓಟ್ಸ್, ಸ್ವಲ್ಪ ಮೊಳಕೆಯ ಹೆಸರುಕಾಳು, ಸೌತೆಕಾಯಿಯ ಒಂದು ಚೂರು, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಒಂದು ಚಿಟಿಕೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು ಬೇಡ.

ಪ್ರಶ್ನೆ: ನಾನು ಎಂಟನೆಯ ತರಗತಿಯಲ್ಲಿ ಓದುತ್ತಿದ್ದೇನೆ. ನನ್ನ ಇಲಿಯನ್ನು ಬಾಲ ಹಿಡಿದು ಎತ್ತಿದಾಗಲೆಲ್ಲ ಅದು ನನ್ನ ಕೈ ಮೇಲೆ ಉಚ್ಚೆ ಹೊಯ್ಯುತ್ತದೆ, ಎರಡು ಸಲ ಕಚ್ಚಿತು. ಅದಕ್ಕೆ ನಾನೆಂದರೆ ಇಷ್ಟವಿಲ್ಲವೇ?
— ಒಬ್ಬ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮಗು, ಅದಕ್ಕೆ ನಿನ್ನಲ್ಲಿ ದ್ವೇಷವಿಲ್ಲ, ಭಯವಿದೆ. ಹದ್ದು ಗೂಬೆಗಳು ಮೇಲಿನಿಂದಲೇ ಎರಗುವುದರಿಂದ, ಮೇಲಿನಿಂದ ಇಳಿದು ಬರುವ ಯಾವುದನ್ನು ಕಂಡರೂ ಇಲಿಯ ಜೀವಕ್ಕೆ ಮೃತ್ಯುವೇ ಬಂದಂತಾಗುತ್ತದೆ. ಬಾಲ ಹಿಡಿದು ಮೇಲೆತ್ತಿದರೆ ಸಿಕ್ಕಿಬಿದ್ದೆನೆಂದೇ ಅದು ತಿಳಿಯುತ್ತದೆ. ಉಚ್ಚೆಯೂ ಕಡಿತವೂ ಆ ಭಯದ ಭಾಷೆ. ನಾನು ವೈದ್ಯವಿದ್ಯಾರ್ಥಿಯಾಗಿದ್ದಾಗ ನಮಗೂ ಇಲಿಗಳನ್ನು ಬಾಲದಿಂದಲೇ ಎತ್ತುವುದನ್ನು ಕಲಿಸಿದ್ದರು, ನಾವೆಲ್ಲರೂ ಹಾಗೆಯೇ ಎತ್ತಿದೆವು. ಆ ಪುಟ್ಟ ದೇಹಗಳು ಗಾಳಿಯಲ್ಲಿ ತಿರುಚಿಕೊಳ್ಳುತ್ತಿದ್ದುದನ್ನು ನೆನೆದಾಗ ಇಂದಿಗೂ ನನಗೆ ನೋವಾಗುತ್ತದೆ. 2010ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಎಂಬ ವಿದುಷಿಯರು ಇದನ್ನು ಪರೀಕ್ಷಿಸಿ, ಬಾಲದಿಂದ ಎತ್ತಲ್ಪಟ್ಟ ಇಲಿಗಳು ಮನುಷ್ಯನ ಕೈಯಿಂದ ದೂರ ಸರಿಯುತ್ತವೆಂದೂ, ಕೊಳವೆಯೊಳಗೆ ನಡೆಸಿ ಅಥವಾ ಬೊಗಸೆಯಲ್ಲಿ ತುಂಬಿ ಎತ್ತಲ್ಪಟ್ಟವು ತಾವಾಗಿಯೇ ಕೈಯ ಬಳಿಗೆ ಬರುತ್ತವೆಂದೂ ತೋರಿಸಿಕೊಟ್ಟರು. ಅಂದಿನಿಂದ ಅನೇಕ ಪ್ರಯೋಗಶಾಲೆಗಳೇ ತಮ್ಮ ಕ್ರಮವನ್ನು ಬದಲಿಸಿಕೊಂಡಿವೆ.

ನಿಮ್ಮ ಮಲೆನಾಡಿನಲ್ಲಿ ಬಿದಿರಿಗೆ ಬರವೇ? ನಿನ್ನ ಮುಂಗೈಯಷ್ಟು ದಪ್ಪ, ಒಂದು ಗೇಣು ಉದ್ದದ ಬಿದಿರಿನ ಕೊಳವೆಯನ್ನು ತಂದು, ಸಿಬಿರುಗಳನ್ನು ಉಜ್ಜಿ ನುಣುಪುಮಾಡಿ, ಪಂಜರದಲ್ಲಿಡು. ಇಲಿಯು ಅದನ್ನು ತನ್ನ ಓಣಿಯಾಗಿ ಮಾಡಿಕೊಳ್ಳುತ್ತದೆ. ಮೂರು ದಿನ ಅದರ ತಂಟೆಗೆ ಹೋಗಬೇಡ; ಪಂಜರದ ಪಕ್ಕದಲ್ಲಿ ಕುಳಿತು ಪಾಠ ಓದಿಕೊ, ನಿನ್ನ ದನಿ ಅದಕ್ಕೆ ಪರಿಚಯವಾಗಲಿ. ಅನಂತರ ಸಂಜೆ, ಅದು ಎಚ್ಚರಗೊಳ್ಳುವ ಹೊತ್ತಿನಲ್ಲಿ, ಕೈ ತೊಳೆದು, ತಿಂಡಿಯ ವಾಸನೆಯನ್ನು ಹೋಗಲಾಡಿಸಿ (ಬೆರಳನ್ನು ಬೋಂಡವೆಂದು ಭಾವಿಸಿ ಕಚ್ಚುವುದೂ ಉಂಟು), ಅಂಗೈಯನ್ನು ಮೇಲುಮಾಡಿ ಹಾಸಿನ ಮೇಲೆ ಇಟ್ಟು, ನಡುವೆ ಒಂದೇ ಒಂದು ಸೂರ್ಯಕಾಂತಿ ಬೀಜವನ್ನಿಟ್ಟು ಅಲುಗಾಡದೆ ಕಾದಿರು. ಹಿಂಗಾಲುಗಳನ್ನು ಓಡುವುದಕ್ಕೆ ಸಿದ್ಧವಾಗಿ ಹಿಂದೆಯೇ ನೆಟ್ಟು, ಮೈಯನ್ನು ರಬ್ಬರಿನಂತೆ ಉದ್ದಕ್ಕೆ ಚಾಚಿ, ಮೀಸೆಗಳನ್ನು ನಡುಗಿಸುತ್ತಾ ಅದು ಬರುವುದನ್ನು ನೀನು ಕಾಣುವೆ. ಮೊದಲ ದಿನ ಬೀಜವನ್ನು ಕಸಿದುಕೊಂಡು ಕರಟದೊಳಕ್ಕೆ ಓಡುತ್ತದೆ. ನಾಲ್ಕನೆಯ ದಿನವೋ ಹತ್ತನೆಯ ದಿನವೋ ನಿನ್ನ ಅಂಗೈಯಲ್ಲಿಯೇ ಕುಳಿತು, ಎರಡು ಕೈಗಳಲ್ಲಿ ಬೀಜವನ್ನು ಹಿಡಿದು ಸಿಪ್ಪೆ ಸುಲಿಯುತ್ತದೆ. ನಿಮಿಷಕ್ಕೆ ಐನೂರಕ್ಕೂ ಮೇಲ್ಪಟ್ಟು ಬಡಿಯುವ ಅದರ ಹೃದಯವು ಆಗ ನಿನ್ನ ಚರ್ಮಕ್ಕೆ ತಿಳಿಯುತ್ತದೆ. ಆ ಮೇಲೆ ಅದು ಕೊಳವೆಯನ್ನು ಹೊಕ್ಕಾಗ ಎರಡು ತುದಿಗೂ ಅಂಗೈ ಅಡ್ಡವಿಟ್ಟು ಕೊಳವೆಯನ್ನೇ ಎತ್ತು, ನಿಧಾನವಾಗಿ ಬೊಗಸೆಗೆ ಇಳಿಸು. ಯಾವಾಗಲೂ ನೆಲದ ಮೇಲೆ ಕುಳಿತೇ ಎತ್ತಿಕೊ. ನಿಂತ ಎತ್ತರದಿಂದ ಬಿದ್ದರೆ ಪೆಟ್ಟಾದೀತು.

ಕಚ್ಚಿದ ಗಾಯವನ್ನು ಅಮ್ಮನಿಗೆ ಹೇಳದೆ ಮುಚ್ಚಿಡಬೇಡ. ಕೂಡಲೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಅವಧಿಯು ಮೀರಿದೆಯೇ ಎಂದು ವೈದ್ಯರಲ್ಲಿ ವಿಚಾರಿಸಬೇಕು. ಮನೆಯೊಳಗೆ ಸಾಕಿದ ಇಲಿಯ ಕಡಿತಕ್ಕೆ ಹುಚ್ಚುನಾಯಿ ರೋಗದ ಲಸಿಕೆಯು ಬೇಕಾಗುವುದು ಅತಿ ವಿರಳ. ಅದನ್ನೂ ವೈದ್ಯರೇ ನಿರ್ಣಯಿಸಲಿ. ಆದರೆ ಒಂದೆರಡು ವಾರಗಳೊಳಗೆ ಜ್ವರ, ಕೀಲುನೋವು, ಅಂಗೈ ಅಂಗಾಲುಗಳಲ್ಲಿ ಗಂಧೆ ಕಾಣಿಸಿದರೆ ಇಲಿ ಕಚ್ಚಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆ ಜ್ವರಕ್ಕೆ ಪೆನಿಸಿಲಿನ್ ಸಿದ್ಧೌಷಧ.

ಪ್ರಶ್ನೆ: ಇಲಿ ತಂದ ಮೂರು ತಿಂಗಳಿಗೆ ನನ್ನ ತಮ್ಮನಿಗೆ ಸೀನು, ರಾತ್ರಿ ಗೊರಗೊರ ಉಸಿರು ಆರಂಭವಾಗಿದೆ. ಇಲಿ ಓಡಾಡಿದ ತೋಳಿನ ಮೇಲೆ ಕೆಂಪು ಗೆರೆ ಏಳುತ್ತದೆ.
— ಓದುಗ, ಹುಬ್ಬಳ್ಳಿ

ಉತ್ತರ: ಇದು ಒಗ್ಗದಿಕೆ, ಅಂದರೆ ಅಲರ್ಜಿ. ಇಲಿಯ ಮೂತ್ರದಲ್ಲಿರುವ ಒಂದು ಸಸಾರಜನಕವು ಒಣಗಿ ದೂಳಾಗಿ ಗಾಳಿಯಲ್ಲಿ ತೇಲುವುದೇ ಇದಕ್ಕೆ ಕಾರಣ. ತೋಳಿನ ಗೆರೆಯಷ್ಟೇ ಆಗಿದ್ದರೆ ಉದ್ದ ತೋಳಿನ ಅಂಗಿಯನ್ನು ಸೂಚಿಸಿ ಸುಮ್ಮನಾಗುತ್ತಿದ್ದೆ. ಉಸಿರಿನಲ್ಲಿ ಶಬ್ದ ಬರುತ್ತಿದ್ದರೆ ಅದು ಆಸ್ತಮಾದ ಹೊಸ್ತಿಲು. ವೈದ್ಯರಿಗೆ ತೋರಿಸಿ, ಇಲಿಗಳನ್ನು ಬೇರೊಬ್ಬರ ಮನೆಗೆ ಕೊಟ್ಟುಬಿಡಿ.

ಪ್ರಶ್ನೆ: ನನಗೀಗ ಮೂರು ತಿಂಗಳು. ಮದುವೆಗೆ ಮೊದಲಿನಿಂದ ಸಾಕಿದ ಎರಡು ಇಲಿಗಳಿವೆ. ನಾನೇ ಅವುಗಳ ಪಂಜರ ತೊಳೆಯುವುದು. ಏನಾದರೂ ತೊಂದರೆಯುಂಟೇ?
— ಓದುಗಿ, ಬೆಂಗಳೂರು

ಉತ್ತರ: ಉಂಟು, ತಾಯೀ. ಸುಂಡಿಲಿಗಳು ಲಿಂಫೋಸೈಟಿಕ್ ಕೋರಿಯೋಮೆನಿಂಜೈಟಿಸ್ ಎಂಬ ವೈರಾಣುವನ್ನು ತಮಗೆ ಯಾವ ಬಾಧೆಯೂ ಇಲ್ಲದೆ ಹೊತ್ತಿರಬಲ್ಲವು. ಅವುಗಳ ಸಂಪರ್ಕದಿಂದ ಸಾಕಿದ ಇಲಿಗೂ ಅದು ತಗಲುವುದುಂಟು. ಆರೋಗ್ಯವಂತರಲ್ಲಿ ಅದು ಶೀತಜ್ವರದಂತೆ ಬಂದು ಹೋಗಬಹುದಾದರೂ, ಬಸುರಿಯನ್ನು ಹೊಕ್ಕರೆ ಗರ್ಭಪಾತವನ್ನೋ ಶಿಶುವಿನ ಮೆದುಳು ಕಣ್ಣುಗಳಿಗೆ ಮಾಯದ ಹಾನಿಯನ್ನೋ ಉಂಟುಮಾಡಬಲ್ಲದು. ಅಪರೂಪವೇ ಸರಿ, ಆದರೆ ಅದಕ್ಕೆ ಲಸಿಕೆಯಿಲ್ಲ. ಇಷ್ಟು ದಿನ ಮುಟ್ಟಿದುದಕ್ಕಾಗಿ ಹೆದರಿ ನಿದ್ದೆಗೆಡಬೇಡಿ. ಮುಂದಿನ ಭೇಟಿಯಲ್ಲಿ ನಿಮ್ಮ ಹೆರಿಗೆಯ ಡಾಕ್ಟರಿಗೆ ಈ ವಿಷಯವನ್ನು ತಿಳಿಸಿ. ಇಂದಿನಿಂದ ಪಂಜರದ ಕೆಲಸವನ್ನು ನಿಮ್ಮ ಯಜಮಾನರು ವಹಿಸಿಕೊಳ್ಳಲಿ. ಈ ವಾರದೊಳಗೆ ಆ ಎರಡು ಇಲಿಗಳನ್ನು, ಬಸುರಿಯರೂ ಎಳೆಗೂಸುಗಳೂ ಇಲ್ಲದ ನೆಂಟರ ಮನೆಗೆ, ಅವುಗಳ ಹಾಸು ಕಾಳುಗಳ ಸಮೇತ ಕಳುಹಿಸಿಕೊಡಿ.